ಸೋಮವಾರ ನಾನು ಕೇಳದೆ ಬಿಟ್ಟ ಬಂಡಿ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ವಯಸ್ಸು ಇಪ್ಪತ್ತಾರು. ಕೊರಳಲ್ಲಿ ಸೀಟಿ, ತಲೆಯಲ್ಲಿ ಹದಿನೈದು ದಿನದ ತರಬೇತಿ. ಬಯಲಲ್ಲಿ ಡೇರೆ ಹಾಕಿ ಮಕ್ಕಳನ್ನು ಇಟ್ಟುಕೊಂಡರೆ ಏನೇನು ಅಪಾಯ ಬರಬಹುದು, ಬಂದರೆ ಏನು ಮಾಡಬೇಕು ಎಂಬುದನ್ನು ಆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅನಾಹುತಗಳೆಲ್ಲ ಮೊದಲೇ ಪಟ್ಟಿ ಬರೆದಿಟ್ಟುಕೊಳ್ಳದವರಿಗೆ ಮಾತ್ರ ಆಗುತ್ತವೆ ಎಂದು ಮನಸಾರೆ ನಂಬಿದ್ದೆ. ಇವತ್ತು ಆ ಇಪ್ಪತ್ತಾರರ ಮಾಸ್ತರ ಕೈಗೆ ಸಿಕ್ಕರೆ ಕಪಾಳಕ್ಕೆ ಬಾರಿಸುತ್ತೇನೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂಬತ್ತನೇ ಕ್ಲಾಸಿನ ಮೂವತ್ತು ಹುಡುಗರನ್ನು ಎಂಟು ದಿನದ ಶಿಬಿರಕ್ಕೆ ಕರೆದುಕೊಂಡು ಹೋದೆ. ಜಾಗ ಗುಡೇಕೋಟೆಯ ಗುಡ್ಡಗಳ ಬುಡದಲ್ಲಿದ್ದ ಒಂದು ಬಯಲು. ಆ ಜಾಗವನ್ನು ಆರಿಸಿದ್ದಕ್ಕೂ ಕಾರಣ ಸುರಕ್ಷತೆಯೇ. ಎರಡು ಫರ್ಲಾಂಗು ದೂರದ ಊರಿನಲ್ಲಿ ನನ್ನ ಸೋದರಮಾವನ ಮನೆಯಿತ್ತು. ಹೆಚ್ಚು ಕಡಿಮೆಯಾದರೆ ನಮ್ಮವರು ಅಂತ ಒಂದು ಮನೆ ಹತ್ತಿರ ಇರಲಿ ಎಂಬುದು ನನ್ನ ಲೆಕ್ಕಾಚಾರ.

ನನ್ನ ನೋಟುಬುಕ್ಕಿನ ಮೊದಲ ಮೂರು ಪುಟ ತುಂಬಾ ಬರೀ ತಯಾರಿ. ಟಿಂಚರ್, ಹತ್ತಿ, ಬ್ಯಾಂಡೇಜು, ಹೊಸ ಬ್ಲೇಡು, ಬಾವಿಗೆ ಹಾಕುವ ನೇರಳೆ ಬಣ್ಣದ ಪುಡಿ. ಬೆಂಕಿ ಬಿದ್ದರೆ ಉಸುಕು ತುಂಬಿದ ಬಕೆಟ್ಟು. ಕರಡಿ ಬಂದರೆ ಬಡಿಯಲು ಖಾಲಿ ಎಣ್ಣೆ ಡಬ್ಬಿ. ಡೇರೆಗಳ ಸುತ್ತ ಮಳೆ ನೀರು ಹರಿಯಲು ಒಂದು ಗೇಣು ಆಳದ ಕಾಲುವೆ. ಕಲ್ಲು, ಕಟ್ಟಿಗೆ ಏನೇ ಎತ್ತುವ ಮೊದಲು ಕೋಲಿನಿಂದ ಬಡಿದು ನೋಡಬೇಕು ಎಂಬ ನಿಯಮ. ಕಾಯಿಲೆಯವರನ್ನು ಸಾಗಿಸುವುದು ಹೇಗೆ ಎಂಬುದಕ್ಕೆ ಅರ್ಧ ಪುಟವೇ ಇತ್ತು. ಶಿಬಿರದಿಂದ ಡಾಂಬರು ರಸ್ತೆ ಮೂರು ಮೈಲಿ. ನಡುವೆ ಉಸುಕಿನ ಹಳ್ಳ, ಜೀಪು ಲಾರಿ ದಾಟುವಂತಿಲ್ಲ. ಎತ್ತಿನ ಬಂಡಿಯೊಂದೇ ದಾರಿ. ರಸ್ತೆಯಲ್ಲಿ ಹನ್ನೊಂದೂವರೆಗೆ ಕೂಡ್ಲಿಗಿಗೆ ಹೋಗುವ ಬಸ್ಸು ಸಿಗುತ್ತದೆ, ಕೂಡ್ಲಿಗಿಯಲ್ಲಿ ದೊಡ್ಡ ಆಸ್ಪತ್ರೆಯಿದೆ. ಎಲ್ಲವನ್ನೂ ವಿಚಾರಿಸಿ ಬರೆದಿದ್ದೆ.

ಬಂಡಿಗಾಗಿ ಮೊದಲ ದಿನವೇ ಮಾವನ ಮನೆಗೆ ಹೋದೆ. ಅವನು ಅಂಗಳದಲ್ಲಿ ಶೇಂಗಾ ಬಳ್ಳಿ ಒಟ್ಟುತ್ತಿದ್ದ.

"ಮಾವಾ, ಯಾರಿಗರ ಏನರ ಆದ್ರ ನಿನ್ನ ಬಂಡಿ ಬೇಕಾಗತೈತಿ," ಅಂದೆ.

"ಬಂಡಿ ಏನು, ನಾನ ಬರ್ತೀನಿ. ಹೊತ್ತು ಗೊತ್ತು ನೋಡಬ್ಯಾಡ ಅಳಿಯಾ, ಬಂದು ಒದರು," ಅಂದ.

ಪುಸ್ತಕ ತೆಗೆದು ಅಲ್ಲೇ, ಅವನ ಕಟ್ಟೆಯ ಮೇಲೆ ಕೂತು, ಬಂಡಿ ಎಂದು ಬರೆದಿದ್ದರ ಮುಂದೆ ಗೆರೆ ಎಳೆದು ಸರಿ ಗುರುತು ಹಾಕಿದೆ.

ಶಿಬಿರಕ್ಕೆ ನನ್ನ ಜೊತೆ ಬಂದಿದ್ದವರು ಇಬ್ಬರು. ಒಬ್ಬರು ಹಿಂದಿ ಮಾಸ್ತರು. ಇನ್ನೊಬ್ಬ ಶಾಲೆಯ ಜವಾನ. ನಾನು ಹೇಳಬೇಕಾದದ್ದು ಈ ಜವಾನನ ಕತೆಯನ್ನೇ. ನನಗಿಂತ ಹದಿನೈದು ವರ್ಷ ದೊಡ್ಡವನು. ಊರಾಚೆಯ ಕೇರಿಯವನು. ಆ ಕೇರಿಯಲ್ಲಿ ತಿಂಗಳ ಸಂಬಳದ ನೌಕರಿ ಹಿಡಿದ ಮೊದಲನೆಯ ಮನುಷ್ಯ. ಖಾಕಿ ಅಂಗಿಯನ್ನು ತಾನೇ ಒಗೆದು, ಬಿಸಿನೀರು ತುಂಬಿದ ತಂಬಿಗೆಯಿಂದ ಇಸ್ತ್ರಿ ಮಾಡಿಕೊಂಡು ಹಾಕಿಕೊಳ್ಳುತ್ತಿದ್ದ. ಅವನು ನನಗೆ 'ರಿ' ಅನ್ನುತ್ತಿದ್ದ, ನಾನು ಅವನಿಗೆ 'ಲೇ' ಅನ್ನುತ್ತಿದ್ದೆ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಆಗ ನನಗೆ ಅನ್ನಿಸಿರಲಿಲ್ಲ, ಅನ್ನಿಸಿತ್ತು ಎಂದು ಈಗ ಬರೆದುಕೊಂಡರೆ ಸುಳ್ಳಾದೀತು.

ನನ್ನ ತಯಾರಿಯನ್ನು ಕಂಡು ಅವನಿಗೆ ನಗುವೋ ನಗು. ಕಾಲುವೆ ತೋಡುವಾಗ ಸನಿಕೆ ನೆಲಕ್ಕೂರಿ ನಿಂತು, "ಮಾಸ್ತರ್ರ, ಮೋಡದ ಚೂರು ಇಲ್ಲ, ಕಾಲವಿ ತೋಡಸಾಕ ಹತ್ತೀರಿ. ಮಳಿ ನಿಮಗ ಹೇಳಿ ಬರತೈತೇನ್ರಿ? ಬರೂದಿದ್ರ ನಮ್ಮ ಊರ ಕಡೆ ಕಳಸ್ರಿ ಅದನ್ನ, ಪುಣ್ಯ ಬರತೈತಿ," ಅಂದ. ಎಣ್ಣೆ ಡಬ್ಬಿಗಳನ್ನು ನೋಡಿ, "ಕರಡಿಗೆ ಬ್ಯಾಂಡ್ ಸೆಟ್ ತಂದೀರಿ," ಅಂದ. ಹುಡುಗರು ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬಂತು, ಆದರೂ ನಕ್ಕೆ. ಅಷ್ಟೆಲ್ಲ ತಮಾಷೆ ಮಾಡಿದರೂ ಕಾಲುವೆಯನ್ನು ನಾನು ಹೇಳಿದ್ದಕ್ಕಿಂತ ಎರಡು ಬೆರಳು ಆಳವಾಗಿಯೇ ತೋಡಿದ್ದ.

ನಾಲ್ಕನೆಯ ದಿನ ಸೋಮವಾರ. ಸಂಜೆ ಮೇಲಧಿಕಾರಿಗಳು ಶಿಬಿರ ನೋಡಲು ಬರುತ್ತಾರೆ ಎಂದು ಸುದ್ದಿ ಬಂದಿತ್ತು. ಡೇರೆಗಳ ನಡುವಿನ ದಾರಿಯ ಎರಡೂ ಬದಿಗೆ ಕಲ್ಲು ಜೋಡಿಸಿ ಸುಣ್ಣ ಬಳಿಯಲು ಹೇಳಿದೆ. ಈ ಸುಣ್ಣದ ಕಲ್ಲುಗಳಿಂದ ಯಾರ ಜೀವಕ್ಕೂ ಯಾವ ರಕ್ಷಣೆಯೂ ಇಲ್ಲ. ಆದರೆ ಬಂದವರ ಕಣ್ಣಿಗೆ ಶಿಸ್ತಾಗಿ ಕಾಣುತ್ತದೆ. ಬೆಳಗಿನ ಹತ್ತು ಗಂಟೆಗೆ ಸಾಲು ಮುಗಿಯುತ್ತಾ ಬಂತು, ತುದಿಯಲ್ಲಿ ನಾಲ್ಕು ಕಲ್ಲು ಕಡಿಮೆ ಬಿದ್ದವು.

"ಲೇ, ಇನ್ನ ನಾಲ್ಕು ಕಲ್ಲು ತಗೊಂಡು ಬಾ, ಜಲ್ದಿ," ಎಂದು ಕೂಗಿದೆ.

ಅವನ ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು, ಇನ್ನೊಂದರಲ್ಲಿ ಕತ್ತಾಳೆ ನಾರಿನ ಕುಂಚ. ಎರಡನ್ನೂ ನೆಲಕ್ಕಿಟ್ಟು ಕಳ್ಳಿಯ ಸಾಲಿನ ಕಡೆ ಹೋದ. ಕೋಲು ತೆಗೆದುಕೊಂಡು ಹೋಗಲಿಲ್ಲ. ಜಲ್ದಿ ಅಂದವನು ನಾನು.

ಸ್ವಲ್ಪ ಹೊತ್ತಿಗೆ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಡೆದು ಬಂದ. ಓಡಲಿಲ್ಲ, ಚೀರಲಿಲ್ಲ. "ಮಾಸ್ತರ್ರ, ಹುಳ ಮುಟ್ಟಿತ್ರಿ," ಅಂದ. ನಮ್ಮ ಕಡೆ ಕಡಿದ ಹಾವನ್ನು ಹಾವು ಅನ್ನುವುದಿಲ್ಲ, ಹುಳ ಅನ್ನುತ್ತಾರೆ. ಅವನ ಹಿಂದೆ ಓಡಿಬಂದ ಇಬ್ಬರು ಹುಡುಗರು ಅದು ಹೆಡೆ ಎತ್ತಿದ್ದನ್ನು ನೋಡಿದ್ದರು. ನಾಗರಹಾವು.

ತರಬೇತಿಯಲ್ಲಿ ಹೇಳಿದ್ದನ್ನು ಒಂದೂ ಬಿಡದೆ ಮಾಡಿದೆ. ಮೊಣಕೈ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದೆ. ಬ್ಲೇಡಿನಿಂದ ಕೊಯ್ದು ರಕ್ತ ಹರಿಸಿದೆ. ನೇರಳೆ ಪುಡಿ ತುಂಬಿದೆ. ಅವನು ಹಲ್ಲು ಕಚ್ಚಿಕೊಂಡು ಕೂತಿದ್ದ. ಕಟ್ಟುವುದು, ಕೊಯ್ಯುವುದು, ಪುಡಿ ಹಾಕುವುದು ಎಲ್ಲಾ ತಪ್ಪು, ಕೈ ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಒಯ್ಯುವುದೊಂದೇ ಕೆಲಸ ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಎಂದರೆ ಆ ಕಾಲು ಗಂಟೆಯಲ್ಲಿ ನಾನು ಅವನಿಗೆ ಕೊಟ್ಟದ್ದು ಬರೀ ನೋವು.

ಹಿಂದಿ ಮಾಸ್ತರು, "ಈಗ ಹೆಂಗ ಒಯ್ಯೂದು?" ಅಂದರು.

ಅವನೇ ತಲೆಯೆತ್ತಿ, "ನಿಮ್ಮ ಮಾವರ ಬಂಡಿ ಐತೆಲ್ರಿ," ಅಂದ.

ನಾನು, "ಇವತ್ತು ಸೋಮಾರ," ಅಂದೆ.

ಬೇರೆ ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕು. ಸೋಮವಾರ ಬಸವಣ್ಣನ ವಾರ. ನಮ್ಮಲ್ಲಿ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಕಾಲಿಗೆ ನೀರು ಹಾಕಿ ಕೈಮುಗಿಯುತ್ತಾರೆ. ನಾನು ಹುಡುಗನಾಗಿದ್ದಾಗ ಒಂದು ಸೋಮವಾರ ಅಕಾಲದ ಮಳೆ ಹಿಡಿದು ಹೊಲದಲ್ಲಿ ಶೇಂಗಾ ರಾಶಿ ತೊಯ್ಯುತ್ತಿತ್ತು. ಬಂಡಿ ಕಟ್ಟಿದ್ದರೆ ಅರ್ಧ ರಾಶಿ ಮನೆ ಸೇರುತ್ತಿತ್ತು. ನಮ್ಮಪ್ಪ ಬಾಗಿಲಲ್ಲಿ ನಿಂತು ಮಳೆ ನೋಡುತ್ತಿದ್ದನೇ ಹೊರತು ಎತ್ತಿನ ಕಡೆ ತಿರುಗಲಿಲ್ಲ. ಯಾರೂ ಅವನಿಗೆ ಹೇಳಲೂ ಇಲ್ಲ. ಸೋಮವಾರ ಬಂಡಿ ಕಟ್ಟುವುದು ನಮ್ಮ ಮನೆಯಲ್ಲಿ ತಪ್ಪು ಅಂತ ಕೂಡ ಇರಲಿಲ್ಲ. ಅದು ಆಗುವ ಮಾತೇ ಆಗಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದ ನಾನು ಎಂಟು ದಿನದ ಶಿಬಿರಕ್ಕೆ ಬಂಡಿ ಗೊತ್ತು ಮಾಡುವಾಗ, ಎಂಟು ದಿನದಲ್ಲಿ ಒಂದು ಸೋಮವಾರ ಬಂದೇ ಬರುತ್ತದೆ ಎಂದು ಯೋಚಿಸಿರಲಿಲ್ಲ. ಆ ವಾರ ಬಂದು ಎದುರಿಗೆ ನಿಂತಾಗ ಬಂಡಿಯೇ ಇಲ್ಲ ಎಂದು ತಿಳಿದುಕೊಂಡೆ.

ಅವನಿಗೂ ಬಿಡಿಸಿ ಹೇಳಬೇಕಾಗಲಿಲ್ಲ. "ಹೌದಲ್ರಿ, ಸೋಮಾರ," ಅಂದ. ತನ್ನ ಕೈ ನೋಡಿಕೊಂಡ. "ಬ್ಯಾಡ ಬಿಡ್ರಿ. ಬಸವಣ್ಣಗ ಯಾಕ ತ್ರಾಸು."

ಆ ಮಾತನ್ನು ಅವನು ಅಷ್ಟು ಸಲೀಸಾಗಿ ಹೇಳಿದ. ನಾನು ಅಷ್ಟೇ ಸಲೀಸಾಗಿ ಕೇಳಿದೆ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಹಿಂದಿ ಮಾಸ್ತರು ಇಬ್ಬರು ಗಟ್ಟಿ ಹುಡುಗರನ್ನು ಕರೆದುಕೊಂಡು ಡಾಂಬರು ರಸ್ತೆಗೆ ಓಡಿದರು, ಯಾವುದಾದರೂ ಲಾರಿಯವನ ಕೈ ಕಾಲು ಹಿಡಿದು ಒಳಗೆ ಕರೆತರಲು. ಉಸುಕಿನಲ್ಲಿ ಲಾರಿ ಬರುವುದಿಲ್ಲ ಎಂದು ನಾನೇ ಬರೆದಿಟ್ಟಿದ್ದೆ. ಆದರೂ ಬರಬಹುದು ಎಂದು ಕಾದೆ. ಕಡಿಸಿಕೊಂಡವನನ್ನು ನಡೆಸಬಾರದು, ಅಲುಗಾಡಿಸಬಾರದು ಎಂದೂ ಬರೆದಿಟ್ಟಿದ್ದೆನಲ್ಲ, ಅದನ್ನು ಪಾಲಿಸುತ್ತಾ ಕೂತೆ. ಅವನು ಜಾಲಿಮರದ ನೆರಳಲ್ಲಿ ನನ್ನ ತೊಡೆಗೆ ಒರಗಿದ್ದ. ಮಾತಾಡುತ್ತಲೇ ಇದ್ದ. ದೊಡ್ಡ ಮಗಳನ್ನು ಕೊಟ್ಟೂರಿನ ಕಡೆ ಕೊಡುವ ಮಾತು ನಡೆದಿದೆ, ಹುಡುಗ ಕಂಡಕ್ಟರ್ ಆಗಿದ್ದಾನೆ ಅಂದ. ಸುಣ್ಣದ ಬಕೆಟ್ಟಿನ ಕಡೆ ನೋಡಿ, "ಒಣಗತೈತ್ರಿ ಅದು, ಯಾರಿಗರ ಹೇಳಿ ನೀರು ಹಾಕಸ್ರಿ," ಅಂದ. ಹುಡುಗನೊಬ್ಬ ಹೋಗಿ ನೀರು ಹಾಕಿದ.

ಹನ್ನೊಂದು ದಾಟಿದ ಮೇಲೆ ಅವನ ರೆಪ್ಪೆಗಳು ಇಳಿಯತೊಡಗಿದವು. ನಿದ್ದೆಯಲ್ಲ. ಎತ್ತಲು ನೋಡುತ್ತಿದ್ದ, ಬರುತ್ತಿರಲಿಲ್ಲ. ಕೊನೆಗೆ ಬಲಗೈ ಬೆರಳಿನಿಂದ ಒಂದು ರೆಪ್ಪೆಯನ್ನು ಮೇಲೆತ್ತಿ ಹಿಡಿದು ನನ್ನ ಮುಖ ನೋಡಿದ. ಅಷ್ಟರಲ್ಲಿ ಓಡಿ ಹೋಗಿದ್ದ ಹುಡುಗರಲ್ಲೊಬ್ಬ ಏದುತ್ತಾ ವಾಪಸು ಬಂದ. ಒಂದು ಲಾರಿ ನಿಂತಿತ್ತಂತೆ, ಡ್ರೈವರು ಇಳಿದು ಹಳ್ಳದ ಉಸುಕು ನೋಡಿ ತಲೆ ಅಲ್ಲಾಡಿಸಿ ಹೋದನಂತೆ.

ಆಗ ಡೇರೆಯ ಎರಡು ಬಿದಿರು ಗಳ ಕಿತ್ತು, ಕಂಬಳಿ ಸುತ್ತಿ, ಡೋಲಿಯಂತೆ ಮಾಡಿ ಅವನನ್ನು ಮಲಗಿಸಿಕೊಂಡು ಹೊರಟೆವು. ಇದನ್ನೂ ತರಬೇತಿಯಲ್ಲಿ ಕಲಿಸಿದ್ದರು. ಆಗ ನನ್ನನ್ನೇ ಮಲಗಿಸಿ ಮೈದಾನ ಸುತ್ತಿಸಿದ್ದರು, ನಾನು ಮಲಗಿಕೊಂಡು ನಕ್ಕಿದ್ದೆ. ಉಸುಕಿನಲ್ಲಿ ಕಾಲು ಹೂತು ಹೋಗುತ್ತಿದ್ದವು. ಹುಡುಗರು ಹೆಗಲು ಬದಲಿಸುತ್ತಾ, ಬೀಳುತ್ತಾ ಏಳುತ್ತಾ ನಡೆದರು. ಒಂದಿಬ್ಬರು ಅಳುತ್ತಿದ್ದರು. ನಾವು ಇನ್ನೂ ಅರ್ಧ ದಾರಿಯೂ ಸವೆಸಿರದಾಗ ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಹಿಂದಿ ಮಾಸ್ತರು ಅಡ್ಡ ನಿಂತು ಕಾಲು ಗಂಟೆ ಬಸ್ಸು ನಿಲ್ಲಿಸಿದ್ದರಂತೆ. ಕಂಡಕ್ಟರು ಟಾಪಿನ ಮೇಲೆ ಹತ್ತಿ ದಾರಿ ನೋಡಿದನಂತೆ. ದಾರಿಯಲ್ಲಿ ಯಾರೂ ಕಾಣಲಿಲ್ಲ, ಬಸ್ಸು ಹೋಯಿತು.

ರಸ್ತೆ ಮುಟ್ಟಿದಾಗ ಒಂದು ಗಂಟೆಯ ಹತ್ತಿರ. ಮುಂದಿನ ಲಾರಿ ಸಿಕ್ಕಿದ್ದು ಎರಡಕ್ಕೆ. ಡ್ರೈವರು ಒಳ್ಳೆಯವನು, ಎಲ್ಲೂ ನಿಲ್ಲಿಸದೆ ಹೊಡೆದ. ಕೂಡ್ಲಿಗಿ ಆಸ್ಪತ್ರೆಯಲ್ಲಿ ಇಳಿಸುವಾಗ ಅವನಿಗೆ ಮಾತು ನಿಂತಿತ್ತು, ಜೊಲ್ಲು ಸುರಿಯುತ್ತಿತ್ತು, ಉಸಿರು ಎಲ್ಲೋ ಮೇಲೆ ಮೇಲೆ ಆಡುತ್ತಿತ್ತು. ಡಾಕ್ಟರು ಕೈ ಹಿಡಿದು, ಕಣ್ಣು ಬಿಡಿಸಿ ನೋಡಿ, "ಎಷ್ಟೊತ್ತಿಗೆ ಕಡಿದದ್ದು?" ಎಂದು ಕೇಳಿದರು. ಹತ್ತಕ್ಕೆ, ಹನ್ನೊಂದೂವರೆಯ ಬಸ್ಸು ತಪ್ಪಿತು ಅಂದೆ. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಇಂಜೆಕ್ಷನ್ ಇದೆ ನನ್ನ ಹತ್ತಿರ. ಆದರೆ ಇಷ್ಟು ತಡ ಮಾಡಿ ತಂದರೆ ನಾನು ಏನು ಮಾಡಲಿ? ಆ ಬಸ್ಸಿಗೆ ತಂದಿದ್ದರೂ ಉಳಿಯುತ್ತಿದ್ದ," ಅಂದರು. ಅನ್ನುತ್ತಲೇ ಇಂಜೆಕ್ಷನ್ ಕೊಟ್ಟರು. ತಾವೇ ಬಗ್ಗಿ ಎದೆ ಒತ್ತಿದರು, ಗಾಳಿ ಊದಿದರು. ನಾಲ್ಕು ಗಂಟೆಗೆ ಸರಿಯಾಗಿ ಹಿಂದೆ ಸರಿದು ಕೈ ತೊಳೆದುಕೊಂಡರು.

ಮೇಲಧಿಕಾರಿಗಳು ಅವತ್ತು ಬರಲೇ ಇಲ್ಲ. ಬೇರೆ ಕೆಲಸ ಬಿತ್ತಂತೆ.

ಮರುದಿನ ಮಂಗಳವಾರ ಡೇರೆ ಕೀಳುತ್ತಿದ್ದೆವು. ಮಾವ ಬಂದ. ಸುದ್ದಿ ಅವನಿಗೆ ಆಗತಾನೆ ತಿಳಿದಿತ್ತು. ಟವೆಲ್ಲು ಹೆಗಲಿಂದ ಜಾರಿ ಬಿದ್ದದ್ದೂ ಗೊತ್ತಿಲ್ಲದೆ ಬಿರಬಿರನೆ ಬಂದ.

"ನನಗ್ಯಾಕ ಹೇಳಲಿಲ್ಲೋ?" ಅಂದ.

"ಸೋಮಾರಾಗಿತ್ತಲ್ಲ ಮಾವಾ."

ಅವನು ನನ್ನನ್ನು ಯಾರೋ ಪರದೇಶಿಯನ್ನು ನೋಡಿದಂತೆ ನೋಡಿದ. "ಸೋಮಾರಾದ್ರ? ಜೀವ ಹೋಗಾಕ ಹತ್ತಿದ್ರ ಸೋಮಾರ ಏನೋ, ಶಿವರಾತ್ರಿ ಏನೋ? ಬಸವಣ್ಣನ ಕಾಲು ಹಿಡಕೊಂಡು ತಪ್ಪಾತಪ್ಪಾ ಅಂದು ಬಂಡಿ ಕಟ್ತಿದ್ದೆ ನಾನು. ನೀ ಬಂದು ಕೇಳಬೇಕಿತ್ತು. ಒಂದ ಒಂದು ಮಾತು ಕೇಳಬೇಕಿತ್ತಲ್ಲೋ ಹುಚ್ಚಪ್ಪಾ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಬೇರೆ ದಿನವಾಗಿದ್ದರೆ ಆ ಹೊತ್ತಿಗೆ ಅವನೂ ಎತ್ತುಗಳೂ ಗುಡ್ಡದಾಚೆಯ ಹೊಲದಲ್ಲಿರುತ್ತಿದ್ದರು, ಕರೆಸಲು ಒಂದು ತಾಸು ಹಿಡಿಯುತ್ತಿತ್ತು. "ಸೋಮಾರ ಅಂತ ಮನ್ಯಾಗ ಇದ್ವೋ ಎತ್ತು. ಮೈ ತೊಳದು ಮೇವಿನ ಗ್ವಾದ್ಲಿ ಮುಂದ ಕಟ್ಟಿದ್ದೆ. ನಾನೂ ಕಟ್ಟಿಮ್ಯಾಲ ಸುಮ್ನ ಕುಂತಿದ್ದೆ," ಅಂದ. ಟವೆಲ್ಲು ಹುಡುಕಿದ, ಸಿಗಲಿಲ್ಲ, ಅಂಗೈಯಿಂದ ಕಣ್ಣು ಒರೆಸಿಕೊಂಡು ಹೋದ.

ಎರಡು ಫರ್ಲಾಂಗು. ನಾನು ನಡೆದು ಹೋಗಿದ್ದರೂ ಐದು ನಿಮಿಷ.

ಇನ್ನೊಂದು ಅನುಮಾನವನ್ನು ಬರೆಯದೆ ಬಿಟ್ಟರೆ ಇದಿಷ್ಟೂ ಬರೆದು ಉಪಯೋಗವಿಲ್ಲ. ಅವತ್ತು ಕಡಿಸಿಕೊಂಡವನು ಹಿಂದಿ ಮಾಸ್ತರಾಗಿದ್ದರೆ, ನಮ್ಮ ಪೈಕಿಯ ಹುಡುಗನಾಗಿದ್ದರೆ, ನಾನು ಓಡಿ ಹೋಗಿ ಮಾವನನ್ನು ಕೇಳುತ್ತಿದ್ದೆನೇ? ಸೋಮವಾರವೊಂದೇ ನನ್ನ ಕಾಲು ಕಟ್ಟಿತ್ತೇ, ಅಥವಾ ನಮ್ಮ ಮನೆಯ ಬಂಡಿಯಲ್ಲಿ ಕೇರಿಯವನನ್ನು ಮಲಗಿಸು ಎಂದು ಮಾವನನ್ನು ಕೇಳಲು ನನಗೇ ಒಳಗೊಳಗೆ ನಾಚಿಕೆಯಾಯಿತೇ? ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಒಂದೊಂದು ವರ್ಷ ಒಂದೊಂದು ಉತ್ತರ ಬರುತ್ತದೆ. ಅಂಥದ್ದೇನೂ ನನ್ನ ಮನಸ್ಸಿನಲ್ಲಿ ಸುಳಿಯಲಿಲ್ಲ ಎಂದು ಆಣೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಮಾವನನ್ನು ನಾನು ನನ್ನ ಅಳತೆಯಲ್ಲೇ ಅಳೆದುಬಿಟ್ಟೆ. ಅವನು ನನಗಿಂತ ದೊಡ್ಡವನಾಗಿದ್ದ.

ಜವಾನ ತೀರಿಕೊಂಡ ಐದನೆಯ ದಿನ ಅವನ ಮನೆಗೆ ಹೋದೆ. ಅವನು ಬದುಕಿದ್ದಾಗ ಒಂದು ಸಲವೂ ಆ ಮನೆಗೆ ಹೋಗಿರಲಿಲ್ಲ. ಸಣ್ಣ ಮಣ್ಣಿನ ಮನೆ, ಅಂಗಳ ಸಾರಿಸಿತ್ತು, ಹಗ್ಗದ ಮೇಲೆ ಖಾಕಿ ಅಂಗಿ ಒಣಗುತ್ತಿತ್ತು. ಯಾರು ಒಗೆದರೋ, ಯಾರಿಗಾಗಿ ಒಗೆದರೋ. ಅವನ ಹೆಂಡತಿ ಒಳಗಿನಿಂದ ಚಾಪೆ ತಂದು ಹಾಸಿದಳು. ಕೂತೆ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು, ಅವಳು ಮುಖಕ್ಕೆ ಉಗಿದರೆ ಉಗಿಸಿಕೊಂಡು ಬರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

ಅವಳು ಬಾಗಿಲಿಗೆ ಒರಗಿ ಕೂತಳು. ಆಮೇಲೆ, "ಡಾಕ್ಟರ್ರು ಜಲ್ದಿ ತಂದಿದ್ರ ಉಳೀತಿದ್ದ ಅಂದ್ರಂತಲ್ರಿ, ಹೌದೇನ್ರಿ?" ಅಂದಳು.

"ಹೌದವ್ವ," ಅಂದೆ.

"ಅಲ್ಲಿ ಬಂಡಿ ಇರಲಿಲ್ಲೇನ್ರಿ?"

ಇದೇ ಆ ಗಳಿಗೆ. ಬಂಡಿ ಇತ್ತು, ಎತ್ತು ಇದ್ದವು, ಹೊಡೆಯುವವನೂ ಮನೆಯಲ್ಲೇ ಇದ್ದ, ನಾನು ಹೋಗಿ ಕೇಳಲಿಲ್ಲ. ಇಷ್ಟು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದೆ. "ಅವತ್ತು ಸೋಮಾರಾಗಿತ್ತವ್ವ," ಅಂದೆ.

ಅವಳು ತಲೆದೂಗಿದಳು. "ಹೌದಲ್ರಿ ಮತ್ತ. ಸೋಮಾರ ಯಾರು ಬಂಡಿ ಕಟ್ತಾರ," ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ತಲೆ ತಗ್ಗಿಸಿ ಕೂತದ್ದನ್ನು ನೋಡಿ ನನ್ನನ್ನೇ ಸಮಾಧಾನ ಮಾಡತೊಡಗಿದಳು. "ಅಳಬ್ಯಾಡ್ರಿ ಮಾಸ್ತರ್ರ. ನೀವು ಕೈಲಾದದ್ದು ಮಾಡೀರಿ. ಹುಡುಗ್ರು ಹೊತ್ತುಕೊಂಡು ಹೋದ್ರಂತ, ನೀವು ತೊಡಿಮ್ಯಾಲ ಮಲಗಿಸಿಕೊಂಡಿದ್ರಂತ. ಯಾರು ಮಾಡ್ತಾರ್ರಿ ನಮ್ಮಂಥವರಿಗೆ ಅಷ್ಟು?"

ಮಗಳು ಒಂದು ಬಟ್ಟಲಲ್ಲಿ ಚಹಾ ತಂದು ನನ್ನ ಮುಂದೆ ಇಟ್ಟಳು. ನಾನು ಕುಡಿದೆ. ಆ ತಾಯಿಯ ಸಮಾಧಾನದ ಮಾತನ್ನು ತಿದ್ದದೆ, ಪೂರ್ತಿ ಕೇಳಿಸಿಕೊಂಡು, ಎದ್ದು ಕೈಮುಗಿದು ಮನೆಗೆ ಬಂದೆ.